ಟಿಟ್ಟಿಭಕ್ಕೂ ಒಂದು ಟಿಕೆಟ್ ಹರಿಯಿರಿ

ನಮ್ಮ ಬಡಾವಣೆಯ ಕೆರೆ ಗೇಟಿಗೆ ಹೊಸ ಬೋರ್ಡು ಬಂದಿದೆ. 'ಕ್ಯಾಮೆರಾ ಒಳಗೆ ತರುವಂತಿಲ್ಲ.' ಅದರ ಪಕ್ಕದಲ್ಲೇ ಹಳೇ ಬೋರ್ಡು: 'ಬನ್ನಿ, ಪಕ್ಷಿಗಳನ್ನು ನೋಡಿ ಆನಂದಿಸಿ.' ಎರಡರಲ್ಲೂ ಅಕ್ಷರ ಒಂದೇ ಥರ ಇದೆ. ಒಬ್ಬನೇ ಪೇಂಟರ್ ಬರೆದಿರಬೇಕು. ಬರೆಯುವಾಗ ಅವನಿಗಾದರೂ ನಗು ಬಂತೋ ಇಲ್ಲವೋ.

ಏಪ್ರಿಲ್ ತಿಂಗಳು, ಬೆಳಿಗ್ಗೆ ಆರೂವರೆ. ಹೆಗಲಿಗೆ ನನ್ನ ಹಳೇ ಕ್ಯಾಮೆರಾ, ಅದಕ್ಕೊಂದು ಉದ್ದ ಲೆನ್ಸು. ಸೆಕ್ಯೂರಿಟಿಯವನು ಕೈ ಅಡ್ಡ ಹಿಡಿದ.

'ಮೊಬೈಲಾದ್ರೆ ಬಿಡ್ತೀನಿ ಸಾರ್. ಇದು ಬಿಡಲ್ಲ.'

'ಯಾಕಪ್ಪಾ?'

'ಇದ್ರಲ್ಲಿ ಜೂಮ್ ಆಗುತ್ತೆ.'

ನನ್ನ ಹಿಂದೆ ನಿಂತಿದ್ದ ಹುಡುಗನ ಮೊಬೈಲಿನಲ್ಲಿ ನೂರು ಪಟ್ಟು ಜೂಮ್ ಇದೆ, ಚಂದ್ರನ ಮೇಲಿನ ಗುಂಡಿಗಳನ್ನೂ ತೆಗೀತಾನಂತೆ. ಅವನು ಒಳಗೆ ಹೋದ. ಅವನ ಹಿಂದೆ ಒಂದು ಪ್ರೀ ವೆಡ್ಡಿಂಗ್ ತಂಡ: ಹುಡುಗ, ಹುಡುಗಿ, ನೆಲ ಗುಡಿಸುವಷ್ಟು ಉದ್ದದ ಕೆಂಪು ಗೌನು, ಬಣ್ಣದ ಹೊಗೆ ಬಿಡುವ ಡಬ್ಬಿಗಳು, ಒಂದು ಡ್ರೋನು. ಅವರ ಹತ್ತಿರ ಪರ್ಮಿಷನ್ ಲೆಟರ್ ಇತ್ತು, ಅವರೂ ಒಳಗೆ. ಡ್ರೋನಿನಲ್ಲೂ ಕ್ಯಾಮೆರಾ ಇದೆಯಲ್ಲಪ್ಪ ಅಂದೆ. 'ಅದು ಮೇಲೆ ಹೋಗುತ್ತೆ ಸಾರ್, ಒಳಗೆ ಬರಲ್ಲ' ಅಂದ. ಕಾನೂನು ಓದಿದವರೂ ಬೋರ್ಡನ್ನು ಇಷ್ಟು ಸರಿಯಾಗಿ ಓದಲಾರರು.

ಅವನನ್ನು ಬೈಯುವಂತಿಲ್ಲ. ಎರಡು ತಿಂಗಳಿಂದ ಸಂಬಳ ಬಂದಿಲ್ಲ ಪಾಪ. ಹೋದ ವಾರ ಅವನಿಗೆ ರಾಮ್ಸಾರ್ ವಿಷಯ ಹೇಳಲು ಹೋಗಿ ನಾನೇ ಸಿಕ್ಕಿಹಾಕಿಕೊಂಡಿದ್ದೆ. ನೋಡಪ್ಪ, 2022ರಲ್ಲಿ ರಂಗನತಿಟ್ಟು, 2024ರಲ್ಲಿ ಅಂಕಸಮುದ್ರ, ಅಘನಾಶಿನಿ ಅಳಿವೆ, ಮಾಗಡಿ ಕೆರೆ (ಗದಗ ಜಿಲ್ಲೆಯದು, ಬೆಂಗಳೂರಿನ ಪಕ್ಕದ್ದಲ್ಲ), ಇವೆಲ್ಲ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿವೆ, ನಮ್ಮ ಕೆರೆಗಳಿಗೆ ಎಂಥಾ ಗೌರವ ಅಂದೆ. ಅವನು ತಲೆಯಾಡಿಸಿ ಕೇಳಿದ: 'ರಾಮ್ ಸಾರ್ ಯಾವ ಡಿಪಾರ್ಟ್ಮೆಂಟು?' ಅದು ಇರಾನಿನ ಒಂದು ಊರು, 1971ರಲ್ಲಿ ಅಲ್ಲಿ ಹಲವು ದೇಶಗಳು ಸೇರಿ ಇದಕ್ಕೇ ಒಪ್ಪಂದ ಮಾಡಿಕೊಂಡವು ಅಂತ ಹೇಳಬಹುದಿತ್ತು. ಹೇಳಲಿಲ್ಲ. ದೊಡ್ಡ ಸಾಹೇಬರು ಕಣಪ್ಪ, ಅಂದೆ.

ಕ್ಯಾಮೆರಾವನ್ನು ಅವನ ಕೋಣೆಯಲ್ಲಿ ಟಿಫನ್ ಕ್ಯಾರಿಯರ್ ಪಕ್ಕ ಇಟ್ಟು ಒಳಗೆ ಹೋದೆ. ಬೇಸಿಗೆಗೆ ನೀರು ಹಿಂದೆ ಸರಿದು ಕೆರೆಯ ಒಂದು ಮಗ್ಗುಲು ಒಣಗಿತ್ತು. ಅಲ್ಲಿ ಹದಿನೈದು ಜನ ಗುಂಪಾಗಿ ಕೂತಿದ್ದರು. ಎಲ್ಲರ ಕೈಯಲ್ಲೂ ಫಿರಂಗಿಯಂಥ ಲೆನ್ಸು. ಇವರೆಲ್ಲ ಒಳಗೆ ಹೇಗೆ ಬಂದರು? ಹಿಂದಿನ ಕಾಂಪೌಂಡು ಬಿದ್ದು ವರ್ಷವಾಯಿತಲ್ಲ, ಅಲ್ಲಿಂದ. ಬೋರ್ಡಿರುವುದು ಗೇಟಿಗೆ ತಾನೇ.

ನಡುವೆ ಟಿಟ್ಟಿಭ ಹಕ್ಕಿಯ ಗೂಡು. ಗೂಡು ಅನ್ನೋದೂ ಜಾಸ್ತಿಯಾಯಿತು. ನೆಲದಲ್ಲಿ ಒಂದು ತಗ್ಗು, ಸುತ್ತ ನಾಲ್ಕು ಬೆಣಚುಕಲ್ಲು, ಅದರಲ್ಲಿ ನಾಲ್ಕು ಮೊಟ್ಟೆ, ಚೂಪಾದ ತುದಿಗಳೆಲ್ಲ ಒಳಮುಖ. ಮಣ್ಣಿನ ಬಣ್ಣ, ಮೇಲೆ ಕಪ್ಪು ಚುಕ್ಕೆ. ಎರಡು ಮಾರು ದೂರದಿಂದ ನೋಡಿದರೂ ಕಾಣುವುದಿಲ್ಲ. ಆ ಗುಂಪಿಗೆ ಕಂಡಿತ್ತು, ಯಾಕೆಂದರೆ ಯಾರೋ ಪುಣ್ಯಾತ್ಮರು ಲೊಕೇಶನ್ ಕಳಿಸಿದ್ದರು. ಒಬ್ಬರು ಅಡ್ಡ ಬರುತ್ತಿದ್ದ ಹುಲ್ಲನ್ನು ಕಿತ್ತು ಚೊಕ್ಕ ಮಾಡಿದರು. ಇನ್ನೊಬ್ಬರು ಸಣ್ಣ ಸ್ಪೀಕರಿನಲ್ಲಿ ಟಿಟ್ಟಿಭದ ಕೂಗು ಹಾಕಿದರು. ಹಕ್ಕಿ ತಲೆಯ ಮೇಲೆ ನಿಜವಾಗಿಯೇ ಕೂಗಿ ಕೂಗಿ ಸಾಯುತ್ತಿದೆ, ಇವರು ರೆಕಾರ್ಡು ಹಾಕಿ ಕರೆಯುತ್ತಿದ್ದಾರೆ!

ಏನು ತಾಳ್ಮೆ, ಏನು ತಪಸ್ಸು ಅಂತ ಹೊಗಳೋಣ ಅಂತಲೇ ಇದನ್ನು ಬರೆಯಲು ಕೂತೆ. ಆಗುತ್ತಿಲ್ಲ. ಬೇಸಿಗೆಯಲ್ಲಿ ಈ ಹಕ್ಕಿ ನೀರಿಗೆ ಹೋಗಿ ಹೊಟ್ಟೆಯ ಗರಿ ತೋಯಿಸಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುತ್ತದೆ, ಕಾವು ಕೊಡಲು ಅಲ್ಲ, ತಂಪು ಮಾಡಲು. ಅವತ್ತು ಮೂರು ಸಲ ಹೊಟ್ಟೆ ತೋಯಿಸಿಕೊಂಡು ಬಂತು. ಮೂರು ಸಲವೂ ಹತ್ತಿರ ಬರಲಾಗದೆ ಹಿಂದಕ್ಕೆ ಓಡಿತು. ಗರಿಯ ನೀರು ದಾರಿಯಲ್ಲೇ ಆರಿತು. ಒಂಬತ್ತು ಗಂಟೆಯ ಬಿಸಿಲು. ಅಲ್ರೀ, ಮೊಟ್ಟೆ ಬೇಯ್ತಾ ಇದೆ, ಎದ್ದು ಬನ್ನಿ ಅಂದೆ. 'ನೀವು ಫೋಟೋಗ್ರಾಫರಾ?' ಅಂತ ಕೇಳಿದರು. ನನ್ನ ಕೈಯಲ್ಲಿ ಕ್ಯಾಮೆರಾ ಇರಲಿಲ್ಲವಲ್ಲ, ಮಾತಿಗೆ ತೂಕವೂ ಇರಲಿಲ್ಲ. ನಾನೇನು ಸಾಚಾ ಅಲ್ಲ. ಹೊಸದಾಗಿ ಲೆನ್ಸು ಕೊಂಡ ವರ್ಷ ನಾನೂ ಹೀಗೇ ಒಂದು ಗೂಡಿನ ಮುಂದೆ ಅರ್ಧ ದಿನ ಕೂತಿದ್ದೆ. ಅದರ ಮರಿಗಳು ಏನಾದವೋ ಇವತ್ತಿಗೂ ಗೊತ್ತಿಲ್ಲ.

ಮದ್ದೂರಿನ ಹತ್ತಿರ ಕೊಕ್ಕರೆ ಬೆಳ್ಳೂರಿದೆ. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮನೆಯಂಗಳದ ಹುಣಸೆ ಮರದಲ್ಲೇ ಗೂಡು ಕಟ್ಟುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಮಗಳು ಅನ್ನುತ್ತಾರೆ ಊರಿನವರು. ತಲೆ ಮೇಲೆ ಹಿಕ್ಕೆ ಬಿದ್ದರೂ ಬೈಯುವುದಿಲ್ಲ, ಅದು ಗೊಬ್ಬರ. ನಾವೋ, ಬಾಣಂತಿ ಕೋಣೆಯ ಬಾಗಿಲು ತಳ್ಳಿ, ಸ್ವಲ್ಪ ಈ ಕಡೆ ತಿರುಗಮ್ಮಾ ಅನ್ನುವವರು.

ಇನ್ನು ಸರ್ಕಾರದ ಪಕ್ಷಿಪ್ರೇಮ. ಕೆರೆಯ ಸುತ್ತ ಎಷ್ಟು ಜಾಗ ಬಿಡಬೇಕು ಅನ್ನೋದಕ್ಕೆ ಹಸಿರು ನ್ಯಾಯಮಂಡಳಿ 2016ರಲ್ಲಿ 75 ಮೀಟರ್ ಅಂದಿತು. 2019ರಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು. 2025ರಲ್ಲಿ ನಮ್ಮ ವಿಧಾನಮಂಡಲ ಕೆರೆಯ ಗಾತ್ರ ನೋಡಿ ಅಳತೆ ಇಳಿಸುವ ಮಸೂದೆಯನ್ನೇ ಪಾಸು ಮಾಡಿತು. ಕೆರೆ ಚಿಕ್ಕದಾದಷ್ಟೂ ಬಿಡುವ ಜಾಗ ಕಡಿಮೆ. ಮೊದಲು ಒತ್ತುವರಿ ಮಾಡಿ ಕೆರೆ ಚಿಕ್ಕದು ಮಾಡಿ, ಆಮೇಲೆ ಅಳೆಯಿರಿ. ಟಿಟ್ಟಿಭ ಕೇಳುತ್ತಿದ್ದುದು ಬರೀ ನಲವತ್ತು ಹೆಜ್ಜೆ.

ನಮ್ಮ ಕೆರೆಗೆ ಮರುವಾರವೇ 'ಅಭಿವೃದ್ಧಿ' ಬಂತು. ಜೆಸಿಬಿ ಇಳಿದು ಜೊಂಡನ್ನೆಲ್ಲ ಕಳೆ ಅಂತ ಕಿತ್ತು, ಅಂಚನ್ನು ಕೊರೆದು ಸೂಪ್ ಬಟ್ಟಲಿನ ಹಾಗೆ ಮಾಡಿತು. ಪಾದ ಮುಳುಗುವಷ್ಟು ನೀರಿನಲ್ಲಿ ನಡೆದು ಹುಳ ಹೆಕ್ಕುವ ಹಕ್ಕಿಗಳು ಇನ್ನು ಈಜು ಕಲಿಯಬೇಕು. ಗೂಡಿದ್ದ ಕಡೆ ಈಗ ವಾಕಿಂಗ್ ಟ್ರ್ಯಾಕು, ಮುಂದೆ ವೀಕ್ಷಣಾ ಗೋಪುರ. ವೀಕ್ಷಿಸೋದು ಏನನ್ನು ಅಂತ ಮಾತ್ರ ಕೇಳಬೇಡಿ. ಕಾಮಗಾರಿಯ ಫ್ಲೆಕ್ಸಿನಲ್ಲಿ ಮುಖಂಡರ ಫೋಟೋಗಳ ಕೆಳಗೆ ಗುಲಾಬಿ ಬಣ್ಣದ ಫ್ಲೆಮಿಂಗೋಗಳ ಒಂದು ಹಿಂಡು, ಯಾವ ದೇಶದ್ದೋ. ನಮ್ಮ ಕೆರೆಯಲ್ಲಿ ಅದನ್ನು ನೋಡಿದವರು ಯಾರೂ ಇಲ್ಲ.

ನಿನ್ನೆ ಗೇಟಿನಲ್ಲಿ ಸೆಕ್ಯೂರಿಟಿಯವನು ಆ ಫ್ಲೆಕ್ಸನ್ನೇ ನೋಡುತ್ತ ನಿಂತಿದ್ದ.

'ಸಾರ್, ಈ ಹಕ್ಕಿ ಯಾವಾಗ ಬರುತ್ತೆ?'

'ಗೊತ್ತಿಲ್ಲಪ್ಪ.'

'ರಾಮ್ ಸಾರ್‌ನ ಕೇಳಿ ನೋಡಿ' ಅಂದ. 'ಹಾಗೇ ನನ್ನ ಸಂಬಳದ್ದೂ ಒಂದು ಮಾತು.'