ಉಳಿದದ್ದು ಯಾರ ತಟ್ಟೆಗೆ?

"ನಮ್ಮ ಕಾಲದಲ್ಲಿ ಒಂದು ಅಗುಳೂ ಹಾಳಾಗ್ತಿರಲಿಲ್ಲ" ಅಂತ ಹಿರಿಯರು ಹೇಳಿದಾಗೆಲ್ಲ ನನಗೆ ಕೇಳಬೇಕು ಅನ್ಸುತ್ತೆ: ಆ ಅಗುಳನ್ನ ತಿಂತಿದ್ದವರು ಯಾರು? ಬಹುತೇಕ ಮನೆಗಳಲ್ಲಿ ಅಮ್ಮಂದಿರು. ಎಲ್ಲರಿಗೂ ಬಿಸಿಬಿಸಿ ಬಡಿಸಿ, ಕೊನೆಗೆ ತಂಗಳನ್ನಕ್ಕೆ ಮಜ್ಜಿಗೆ ಕಲಸಿಕೊಂಡು, ಬಾಣಲೆ ತಳದ ಪಲ್ಯ ಬಳಿದು ತಿಂದು ಏಳ್ತಿದ್ರು. ಅದನ್ನೇ ಈಗ ನಾವು ಮಿತವ್ಯಯ ಅಂತ ಹಾಡಿ ಹೊಗಳ್ತೀವಿ.

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿ ಪ್ರಕಾರ, 2022ರಲ್ಲಿ ಜಗತ್ತಿನಾದ್ಯಂತ ಪೋಲಾದ ಆಹಾರ ಸುಮಾರು 105 ಕೋಟಿ ಟನ್. ಅದರಲ್ಲಿ ಶೇ 60ರಷ್ಟು ಮನೆಗಳದ್ದೇ. ಭಾರತದ ಮನೆಗಳ ಅಂದಾಜು ತಲಾ ವರ್ಷಕ್ಕೆ 55 ಕೆ.ಜಿ., ಸಿಪ್ಪೆ-ಮೂಳೆ ಎಲ್ಲ ಸೇರಿ. ಛತ್ರದ ಎಂಜಲೆಲೆ ನೋಡಿ ಲೊಚಗುಟ್ಟೋ ನಾವು ನಮ್ಮ ಫ್ರಿಜ್ಜಿನ ಹಿಂದಿನ ಸಾಲಿನ ಸ್ಟೀಲ್ ಡಬ್ಬಿ ತೆಗೆದು ನೋಡಲ್ಲ. ಮೊನ್ನೆಯ ಹುಳಿ, ಅದಕ್ಕೂ ಹಿಂದಿನ ಚಟ್ನಿ, ನೀರು ಬಿಟ್ಟ ಕೊತ್ತಂಬರಿ ಕಟ್ಟು. ಇವತ್ತು ಎಸೆಯೋಕೆ ಮನಸ್ಸಾಗದ್ದನ್ನ ನಾಲ್ಕು ದಿನ ಬಿಟ್ಟು ಎಸೆಯೋಕೆ ಫ್ರಿಜ್ ಇದೆ.

ಇದಕ್ಕೆ ಯೂಟ್ಯೂಬಿನ ಪರಿಹಾರ ಇನ್ನೊಂದು ರೆಸಿಪಿ. ಹೀರೆಕಾಯಿ ಸಿಪ್ಪೆಯನ್ನ ಎಣ್ಣೆಯಲ್ಲಿ ಬಾಡಿಸಿ, ಉದ್ದಿನಬೇಳೆ, ಒಣಮೆಣಸಿನಕಾಯಿ ಹುರಿದು, ಹುಣಸೆಹಣ್ಣು, ಕಾಯಿತುರಿ ಹಾಕಿ ತರಿತರಿಯಾಗಿ ರುಬ್ಬಿದ ಚಟ್ನಿ ಬಿಸಿ ಅನ್ನಕ್ಕೆ ಎಷ್ಟು ಚೆನ್ನ ಅಂತ ನನಗೂ ಗೊತ್ತು. ಕಲ್ಲಂಗಡಿಯ ಬಿಳಿ ಭಾಗ ಹಾಕಿ ರುಬ್ಬಿದ ದೋಸೆಯೂ ಇಷ್ಟವೇ. ಆದ್ರೆ ಅದನ್ನ ಹುರಿಯೋರು, ರುಬ್ಬೋರು ಯಾರು? ಮತ್ತೆ ಅದೇ ಕೈ. ಇನ್ನು ಉಳಿದ ಅನ್ನಕ್ಕೆಲ್ಲ ಒಗ್ಗರಣೆಯೇ ಮದ್ದು ಅಂದುಕೊಳ್ಳೋದೂ ಬೇಡ. ಗಂಟೆಗಟ್ಟಲೆ ಹೊರಗೇ ಬಿಟ್ಟ ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಟ್ಟಿದ್ರೆ, ಮತ್ತೆ ಬಿಸಿ ಮಾಡಿದ್ರೂ ಅದು ಹೋಗಲ್ಲ.

ನನ್ನ ಪ್ರಕಾರ ಮನೇಲಿ ಊಟ ಉಳಿಯೋದು ಅಡುಗೆ ಮಾಡೋರಿಗೆ ಅಳತೆ ಗೊತ್ತಿಲ್ಲದ್ದಕ್ಕಲ್ಲ, ಉಣ್ಣೋರು ಬಾಯಿ ಬಿಡದ್ದಕ್ಕೆ. ಕುಕ್ಕರ್ ನಾಲ್ಕು ವಿಷಲ್ ಕೂಗಿ ಇಳಿದ ಮೇಲೆ ಫೋನ್ ಬರುತ್ತೆ: "ನಂದು ಇಲ್ಲೇ ಆಯ್ತು, ನೀವು ಮಾಡಿ." ಮಗಳು ರೂಮಲ್ಲೇ ಕೂತು ಬಿರಿಯಾನಿ ತರಿಸಿರ್ತಾಳೆ. ಮನೆ ಗ್ರೂಪಿಗೆ ದಿನಾ ಗುಡ್ ಮಾರ್ನಿಂಗ್ ಹೂವು ಹಾಕೋರಿಗೆ "ರಾತ್ರಿ ಊಟಕ್ಕೆ ಬರಲ್ಲ" ಅಂತ ಒಂದು ಸಾಲು ಬರೆಯೋಕೆ ಕೈ ಬರಲ್ಲ!

ನಮ್ಮನೇಲಿ ಈಗ ಒಂದು ಕಟ್ಟಳೆ. ಊಟಕ್ಕೆ ಇಲ್ಲದವರು ಅಕ್ಕಿ ತೊಳೆಯೋದರೊಳಗೆ ಹೇಳ್ಬೇಕು. ಹೇಳದವರ ಪಾಲಿನ ಅನ್ನ ಆರಿದ ಕೂಡ್ಲೇ ಫ್ರಿಜ್ಜಿಗೆ. ಬೆಳಗ್ಗೆ ಅದಕ್ಕೆ ಈರುಳ್ಳಿ ಹೆಚ್ಚಿ, ಒಗ್ಗರಣೆ ಹಾಕಿ, ಬಾಣಲೆ ತೊಳೆದಿಡೋ ಕೆಲಸವೂ ಅವರದ್ದೇ.