ಬ್ರೇಕ್ ಒತ್ತಿದರೆ ದೀಪಾವಳಿ

ಕಾಸರಗೋಡಿನ ಕಡೆ ನಿಮ್ಮ ಕಾರಿನ ಹಿಂದಿನ ಲೈಟ್ ಹೋದರೆ ಅದು ನಿಮಗೆ ಮೂರು ಭಾಷೆಯಲ್ಲಿ ಗೊತ್ತಾಗುತ್ತದೆ.

ಕುಂಬಳೆ ದಾಟುವಾಗ ಸ್ಕೂಟರಿನವನೊಬ್ಬ ಪಕ್ಕಕ್ಕೆ ಬಂದು ಮಲಯಾಳದಲ್ಲಿ "ಲೈಟ್ ಕತ್ತುನ್ನಿಲ್ಲ" ಅಂದ. ಸೀತಾಂಗೋಳಿಯಲ್ಲಿ ಪಿಕಪ್ಪಿನವನು ಕಿಟಕಿಯಿಂದ ತಲೆ ಹೊರಗೆ ಹಾಕಿ ತುಳುವಿನಲ್ಲಿ "ಲೈಟ್ ಪೊತ್ತುಜಿ" ಅಂದ. ನೀರ್ಚಾಲಿಗೆ ಮುಟ್ಟಿದಾಗ ಕೊಡೆ ಹಿಡಿದು ನಿಂತಿದ್ದ ನಮ್ಮ ನಿವೃತ್ತ ಮೇಷ್ಟ್ರು, "ನಿಮ್ಮ ವಾಹನದ ಹಿಂಬದಿಯ ಎಡಗಡೆಯ ದೀಪ ಸರಿಯಾಗಿ ಉರಿಯುತ್ತಿಲ್ಲ" ಎಂದು ಕರ್ತೃ, ಕರ್ಮ, ಕ್ರಿಯಾಪದ ಸಮೇತ ತಿಳಿಸಿದರು. ತುಳುವರ ಆಟಿ ತಿಂಗಳ ಮಳೆ. ವೈಪರ್ ಒಂದು ಬಿಟ್ಟು ಕಾರಿನಲ್ಲಿ ಬೇರೇನೂ ಸರಿಯಿಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು. ನಂಬರ್ ಕೆಎಲ್ 14, ವಯಸ್ಸೂ ಹದಿನಾಲ್ಕು.

ಮನೆಗೆ ಬಂದು ಪರೀಕ್ಷೆ ಶುರು ಮಾಡಿದೆವು. ನಾನು ಒಳಗೆ, ಹೆಂಡತಿ ಹಿಂದೆ ಕೊಡೆ ಹಿಡಿದು.

"ಉರೀತಾ?"

"ಸ್ವಲ್ಪ ಉರೀತು."

"ಈಗ ಬ್ರೇಕ್ ಒತ್ತಿದೆ. ಉರೀತಾ?"

"ಇಲ್ಲ, ಇದ್ದದ್ದೂ ಆರಿತು."

ಬ್ರೇಕ್ ಒತ್ತಿದರೆ ಆರುವ ಲೈಟ್ ನಾನು ಅದೇ ಮೊದಲು ಕಂಡದ್ದು. ಎಡಗಡೆ ಇಂಡಿಕೇಟರ್ ಹಾಕಿದರೆ ಅದರ ಜೊತೆ ಇಡೀ ಗೂಡೇ ಮಿಣಮಿಣ ಎನ್ನುತ್ತದಂತೆ. "ಯಕ್ಷಗಾನದಲ್ಲಿ ರಾಕ್ಷಸ ಬರುವಾಗ ಹೀಗೇ ಮಾಡ್ತಾರೆ" ಅಂದಳು. ನಾಲ್ಕು ಬಾರಿ ಹೀಗೆ ಕೂಗಾಡಿದ ಮೇಲೆ ಅಮ್ಮ ಜಗಲಿಗೆ ಬಂದು, ಜಗಳ ಇದ್ದರೆ ಒಳಗೆ ಬಂದು ಮಾಡಿ, ಕೆಲಸದವರು ಕೇಳ್ತಾರೆ ಎಂದರು.

ಸುದ್ದಿ ಹಬ್ಬಿತು. ಪಕ್ಕದ ತೋಟದವರು ಬಂದು ಬಾನೆಟ್ ಎತ್ತಿ, ಒಳಗೆ ಮೂಗು ಹಾಕಿ "ಹೆಗ್ಗಣ" ಎಂದರು. ಲೈಟ್ ಇರುವುದು ಹಿಂದೆ, ಇವರು ನೋಡಿದ್ದು ಮುಂದೆ. ಆದರೆ ಹೆಗ್ಗಣದ ಮೇಲೆ ಹೊರಿಸಿದರೆ ಯಾರಿಗೂ ಬೇಜಾರಿಲ್ಲ ನೋಡಿ. ದುಬೈಯಲ್ಲಿರುವ ಭಾವ ಫೋನಿನಲ್ಲಿ ಅರ್ಧ ಗಂಟೆ ಮಾತಾಡಿ, ಲೈಟುಗಳನ್ನೆಲ್ಲ ನಡೆಸುವ ಕಂಪ್ಯೂಟರ್, ಅಂದರೆ ಬಾಡಿ ಕಂಟ್ರೋಲ್ ಮಾಡ್ಯೂಲ್, ಹೋಗಿರಬೇಕು ಅಂದ. ನನ್ನ ಕಾರಿನಲ್ಲಿ ಬಾಡಿ ಉಂಟು, ಕಂಟ್ರೋಲ್ ಇಲ್ಲ, ಮಾಡ್ಯೂಲಿನ ಪ್ರಶ್ನೆಯೇ ಇಲ್ಲ. ಪೇಟೆಯ ಒಬ್ಬ ಮೆಕ್ಯಾನಿಕ್ ಅಂತೂ ಕಾರನ್ನು ಮುಟ್ಟದೆಯೇ "ಇಡೀ ವಯರಿಂಗ್ ಬದಲಿಸ್ಬೇಕು" ಎಂದು ಹೇಳಿದ ಮೊತ್ತಕ್ಕೆ ಒಂದು ಒಳ್ಳೆ ದನ ಬರುತ್ತಿತ್ತು.

ಇಷ್ಟೆಲ್ಲ ಯಾಕೆ, ನಾನೇ ನೋಡುತ್ತೇನೆ ಅಂದುಕೊಂಡೆ. ಸ್ಟೇರಿಂಗಿನ ಕೆಳಗೆ ಅಂಗಾತ ಮಲಗಿ ಫ್ಯೂಸ್ ಪೆಟ್ಟಿಗೆ ತೆಗೆದೆ. ಕೆಂಪು ಅಂದರೆ 10 ಆಂಪಿಯರ್, ನೀಲಿ 15, ಹಳದಿ 20. ಟೇಲ್ ಲೈಟಿಗೂ ಡ್ಯಾಶ್‌ಬೋರ್ಡಿನ ಬೆಳಕಿಗೂ ಇದರಲ್ಲಿ ಒಂದೇ ಫ್ಯೂಸ್. ಅದು ಹೋದರೆ ಎರಡೂ ಒಟ್ಟಿಗೆ ಹೋಗಬೇಕು. ನನ್ನದು ಗಟ್ಟಿಯಾಗಿ ಕೂತಿತ್ತು. ಹಾಗಾದರೆ ಬಲ್ಬೇ ಹೋಗಿದೆ ಅಂತ ತೀರ್ಮಾನ ಮಾಡಿ ಬದಿಯಡ್ಕಕ್ಕೆ ಹೋಗಿ "ಹಿಂದಿನ ಬ್ರೇಕ್ ಬಲ್ಬ್ ಒಂದು" ಅಂದೆ. ಹಳೆಯದನ್ನು ಕೈಯಲ್ಲಿ ಹಿಡಿದು ಹೋಗಬೇಕು ಎಂಬ ಬುದ್ಧಿ ಹೊಳೆಯಲಿಲ್ಲ. ತಂದದ್ದು ಹೋಲ್ಡರಿಗೆ ಸರಿಯಾಗಿ ಕೂರಲಿಲ್ಲ. ನಾನು ಬಿಡಲಿಲ್ಲ. ತೆಂಗಿನಕಾಯಿಗೆ ಕೈ ಹಾಕಿದ ಹಾಗೆ ಒತ್ತಿ ತಿರುಗಿಸಿದೆ. "ಟಕ್" ಅಂತು.

"ಉರೀತಾ?"

"ಇಲ್ಲ."

ಆದರೆ ನನ್ನೆದುರು ಡ್ಯಾಶ್‌ಬೋರ್ಡ್ ಝಗ್ಗನೆ ಬೆಳಗಿತು! ಸ್ವಿಚ್ಚು ಮುಟ್ಟಿಲ್ಲ. ಬ್ರೇಕ್ ಬಿಟ್ಟೆ, ಆರಿತು. ಒತ್ತಿದೆ, ಬೆಳಗಿತು. ಮುಂದಿನ ಪಾರ್ಕಿಂಗ್ ಲೈಟ್ ಕೂಡ. ರಿಪೇರಿ ಮಾಡಿದ್ದು ಹಿಂದೆ, ಬೆಳಕು ಬಂದದ್ದು ಮುಂದೆ. ಮಗಳಿಗೆ ಇದು ಎಷ್ಟು ಇಷ್ಟವಾಯಿತು ಅಂದರೆ, ಸಂಜೆಯೆಲ್ಲ ನನ್ನ ಸೀಟಿನಲ್ಲಿ ಕೂತು ಬ್ರೇಕ್ ಒತ್ತಿ ದೀಪಾವಳಿ ಮಾಡಿದಳು.

ರಾತ್ರಿಗೆ ಇದರ ಇನ್ನೊಂದು ಮುಖ ತೋರಿತು. ಹೆಡ್‌ಲೈಟ್ ಹಾಕಿದ ಕೂಡಲೇ ಬಲಗಡೆಯ ಬ್ರೇಕ್ ಲೈಟ್ ಹತ್ತಿಕೊಂಡು ಹಾಗೇ ಇರುತ್ತದೆ. ನಾನು ನಲವತ್ತರಲ್ಲಿ ಹೋಗುತ್ತಿದ್ದರೂ ಹಿಂದಿನವರಿಗೆ ನಾನು ನಿಲ್ಲಿಸುತ್ತಿದ್ದೇನೆ. ಬೇಳದ ತಿರುವಿನಿಂದ ಹಾರ್ನ್ ಹೊಡೆಯಲು ಶುರು ಮಾಡಿದ ಬಸ್ಸು ನೀರ್ಚಾಲಿನವರೆಗೆ ಕೈ ತೆಗೆಯಲಿಲ್ಲ. ಪಕ್ಕದಿಂದ ದಾಟುವಾಗ ಡ್ರೈವರ್ ಹೇಳಿದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ನಮ್ಮೂರಲ್ಲಿ ಬೈಗುಳಕ್ಕೆ ಭಾಷೆಯ ಗಡಿ ಇಲ್ಲ.

ಕೊನೆಗೆ ಯಾರೋ ಹೇಳಿ ಒಬ್ಬ ಹುಡುಗ ಬಂದ. ಮಲಯಾಳದವನು, ಇಪ್ಪತ್ತೆರಡು ಇಪ್ಪತ್ಮೂರು ಇರಬಹುದು. ಕೈಯಲ್ಲಿ ಒಂದು ಸ್ಕ್ರೂ ಡ್ರೈವರ್, ಇನ್ನೊಂದು ಟೆಸ್ಟ್ ಲ್ಯಾಂಪ್. ಸಣ್ಣ ಬಲ್ಬು, ಒಂದು ಕಡೆ ಕ್ಲಿಪ್ಪು, ಇನ್ನೊಂದು ಕಡೆ ಮೊನೆ, ಅಷ್ಟೇ. "ಇಪ್ಪೊ ಶರಿಯಾಕ್ಕಾಂ" ಅಂದವನೇ ನಾನು ಹಾಕಿದ ಬಲ್ಬನ್ನು ಬಿಚ್ಚಿ ಬೆಳಕಿಗೆ ಹಿಡಿದ.

"ಇದು ಯಾರು ಹಾಕಿದ್ದು?"

"ಯಾರೋ ಮೆಕ್ಯಾನಿಕ್" ಅಂದೆ. ಹಿಂದೆ ಹೆಂಡತಿಗೆ ಕೆಮ್ಮು ಬಂತು.

ಅಲ್ಲಿ ಬೇಕಾದ ಬಲ್ಬಿನಲ್ಲಿ ಎರಡು ತಂತಿ ಇರುತ್ತದೆ: ಬ್ರೇಕಿಗೆ 21 ವಾಟಿನದು, ಟೇಲಿಗೆ 5 ವಾಟಿನದು. ಬುಡದಲ್ಲಿ ಎರಡು ಮೊಗ್ಗು. ತಪ್ಪಾಗಿ ಹಾಕಬಾರದು ಅಂತ ಪಕ್ಕದ ಪಿನ್ನುಗಳನ್ನು ಮೇಲೆ ಕೆಳಗೆ ಇಟ್ಟಿರುತ್ತಾರೆ. ನಾನು ತಂದದ್ದು ಒಂದೇ ತಂತಿಯದು, ಬುಡದಲ್ಲಿ ಒಂದೇ ದಪ್ಪ ಮೊಗ್ಗು. ಅದು ಹೋಲ್ಡರಿನ ಎರಡೂ ತುದಿಗೆ ಒಟ್ಟಿಗೆ ತಾಗಿ ಬ್ರೇಕಿನ ಕರೆಂಟನ್ನು ಟೇಲಿನ ಲೈನಿಗೆ ದಾಟಿಸುತ್ತಿತ್ತು. ಟೇಲಿನ ಲೈನಿನಲ್ಲೇ ಡ್ಯಾಶ್‌ಬೋರ್ಡ್ ಕೂಡ. ಪಿನ್ನು ಬೇಡ ಅಂತ ಹೇಳುತ್ತಿದ್ದರೂ ನಾನು ತೋಳ್ಬಲ ತೋರಿಸಿದ್ದೆ, ಅಲ್ವಾ.

ಸರಿಯಾದ ಬಲ್ಬ್ ಹಾಕಿದ. ದೀಪಾವಳಿ ನಿಂತಿತು. ಎಡಗಡೆ ಮಾತ್ರ ಮತ್ತೆ ಅದೇ ಮಿಣಮಿಣ. ಹುಡುಗ ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು ಕರೆಂಟ್ ಬರುವ ಕಡೆ ಕಚ್ಚಿಸಿ, ಮೊನೆಯನ್ನು ಕಾರಿನ ಬಾಡಿಗೆ ಮುಟ್ಟಿಸಿದ. ಬೆಳಗಿತು. ಹೋಲ್ಡರಿನ ಕಪ್ಪು ವಯರಿಗೆ ಮುಟ್ಟಿಸಿದ. ಇಲ್ಲ.

"ಎರ್ತ್ ಇಲ್ಲ."

ನನಗೆ ಅರ್ಥ ಇಲ್ಲ ಅಂತ ಕೇಳಿಸಿತು. ಹೆಂಡತಿಗೂ ಹಾಗೇ ಕೇಳಿಸಿರಬೇಕು. "ಹದಿನೈದು ದಿನದಿಂದ ನಾನೂ ಅದನ್ನೇ ಹೇಳ್ತಿದ್ದೇನೆ" ಅಂದಳು.

ಕಾರಿನಲ್ಲಿ ಕರೆಂಟ್ ಹೋಗಲಿಕ್ಕೆ ವಯರ್ ಉಂಟು, ವಾಪಸ್ ಬರಲಿಕ್ಕೆ ಕಾರಿನ ಮೈಯೇ ದಾರಿ. ಅದಕ್ಕೇ ಎರ್ತ್ ಅನ್ನುವುದು. ಆ ಕಪ್ಪು ವಯರ್ ಮೈಗೆ ಸೇರುವಲ್ಲಿ ಕಡಿದರೆ, ಮಂಗಳೂರಿಗೆ ಹೋದವನಿಗೆ ರಾತ್ರಿ ಲಾಸ್ಟ್ ಬಸ್ ತಪ್ಪಿದ ಹಾಗೆ. ಸಿಕ್ಕಿದವರ ಗಾಡಿ ಹತ್ತಿ, ಸುತ್ತು ಹೊಡೆದು, ಪಕ್ಕದ ಬಲ್ಬುಗಳ ಮೂಲಕ ಹೇಗೋ ಮನೆ ಸೇರುತ್ತದೆ. ದಾರಿಯಲ್ಲಿ ಕಂಡವರ ದೀಪವೆಲ್ಲ ಮಂದ.

ಹುಡುಗ ವಯರಿನ ಜಾಡು ಹಿಡಿದು ಡಿಕ್ಕಿಯ ಮ್ಯಾಟ್ ಎತ್ತಿದ. ಮೂಲೆಯಲ್ಲಿ ಒಂದು ಬೋಲ್ಟು. ಸುತ್ತ ನೀಲಿ ಹಸುರು ಪುಡಿ ಗಟ್ಟಿ ಕಟ್ಟಿತ್ತು. ವಯರಿನ ತುದಿಯ ಬಳೆಯನ್ನು ಬೆರಳಲ್ಲಿ ಮುಟ್ಟಿದ್ದೇ ತಡ, ಹಪ್ಪಳದ ಹಾಗೆ ಮುರಿಯಿತು. ಬೋಲ್ಟಿನ ತಲೆ ಮೇಲೆ ಕೆಂಪು ಪದರ, ತುಕ್ಕಿನ ಕೆಂಪಲ್ಲ, ತಾಮ್ರದ ಕೆಂಪು.

ನಾನು ಬಾಯಿ ಮುಚ್ಚಿಕೊಂಡೆ. ಅಡಿಕೆ ತೋಟ ಇರುವವನಿಗೆ ಆ ಬಣ್ಣ ಗೊತ್ತಿಲ್ಲದೆ ಉಂಟಾ? ಕೊಳೆರೋಗಕ್ಕೆ ಮದ್ದು ಬಿಡುವಾಗ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟ್, ಒಂದು ಕಿಲೋ ಸುಣ್ಣ. ಹದ ನೋಡಲು ಹೊಳೆಯುವ ಕತ್ತಿ ಅದ್ದುತ್ತೇವೆ. ಕತ್ತಿ ಕೆಂಪಾದರೆ ಸುಣ್ಣ ಸಾಲದು. ಕಬ್ಬಿಣದ ಪಾತ್ರೆಯಲ್ಲಿ ಮೈಲುತುತ್ತು ಕರಗಿಸಬೇಡಿ, ಪಾತ್ರೆ ತಿನ್ನುತ್ತದೆ ಅಂತ ಹೊಸ ಆಳುಗಳಿಗೆ ಪ್ರತಿ ವರ್ಷ ಪಾಠ ಮಾಡುವವನು ನಾನೇ. ಮೇ ತಿಂಗಳಲ್ಲಿ ಡಿಕ್ಕಿಯಲ್ಲಿ ತಂದ ಚೀಲಗಳಲ್ಲಿ ಒಂದು ತೂತಾಗಿತ್ತು. ಆಮೇಲೆ ಮಳೆನೀರು ಇಳಿದಿರಬೇಕು. ಕತ್ತಿ ಅದ್ದುವ ಕೆಲಸವನ್ನು ಕಾರು ತಾನೇ ಮಾಡಿಕೊಂಡಿತ್ತು.

"ಡಿಕ್ಕಿಯಲ್ಲಿ ಏನಾದ್ರೂ ಸಾಗಿಸಿದ್ರಾ?" ಹುಡುಗ ಕೇಳಿದ.

"ತರಕಾರಿ" ಅಂದೆ.

ಬೋಲ್ಟನ್ನು ಉಜ್ಜಿ, ಹೊಸ ಬಳೆ ಹಾಕಿ, ಗ್ರೀಸ್ ಬಳಿದು ಇನ್ನೂರೈವತ್ತು ತೆಗೆದುಕೊಂಡು ಹೋದ. ಪಕ್ಕದ ತೋಟದವರಿಗೆ ಹೆಗ್ಗಣವೇ ಅಂತ ಹೇಳಿದ್ದೇನೆ.

ಎರಡನೇ ಮದ್ದಿನ ಮೈಲುತುತ್ತು ತರಲು ಆಟೋದಲ್ಲಿ ಹೋದೆ. ಚೀಲವನ್ನು ಹಿಂದಿನ ಗೂಡಿಗೆ ತುರುಕಲು ಹೊರಟಾಗ ಆಟೋದವನು ಕೈ ಅಡ್ಡ ಹಿಡಿದ. "ಅಲ್ಲಿ ಬೇಡಣ್ಣ, ಅಲ್ಲಿ ವಯರ್ ಉಂಟು. ಮಡಿಲಲ್ಲಿ ಇಟ್ಕೊಳ್ಳಿ."