ದಾಖಲೆ ಎಷ್ಟು ಅಂತ ಕೇಳುವ ಮೊದಲು ಯಾರನ್ನು ಸೋಲಿಸಿದ ಅಂತ ಕೇಳಿ

ದೂರದ ಓಟದ ಮಾತು ಎಲ್ಲಿ ಶುರುವಾದರೂ ಕೊನೆಗೆ ಬಂದು ನಿಲ್ಲುವುದು ಒಂದೇ ಜಗಳಕ್ಕೆ. ಬ್ರಿಟನ್‌ನ ಮೋ ಫರಾ ದೊಡ್ಡವನೋ, ಇಥಿಯೋಪಿಯಾದ ಕೆನೆನಿಸಾ ಬೆಕೆಲೆ ದೊಡ್ಡವನೋ? ಒಬ್ಬರು ಪದಕ ಎಣಿಸುತ್ತಾರೆ, ಇನ್ನೊಬ್ಬರು ವಿಶ್ವದಾಖಲೆಗಳ ಪಟ್ಟಿ ಮುಂದಿಡುತ್ತಾರೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಚಾಂಪಿಯನ್‌ಷಿಪ್ ಗೆಲುವಿಗೇ ಮೊದಲ ಮಣೆ. ಆದರೆ ಎಷ್ಟು ಚಿನ್ನ ಬಂತು ಅನ್ನುವುದಕ್ಕಿಂತ, ನಿಧಾನದ ಓಟ, ಬಿರುಸಿನ ಓಟ, ಬಿಸಿಲು, ಏರು, ಏನೇ ಎದುರಾದರೂ ಗೆಲ್ಲುವ ತಾಕತ್ತಿತ್ತೇ ಅನ್ನುವುದನ್ನು ನೋಡಬೇಕು. ಗಡಿಯಾರದ ಲೆಕ್ಕ ಆಮೇಲೆ. ಅದನ್ನೂ ತನ್ನ ಕಾಲದವರಿಗಿಂತ ಎಷ್ಟು ಮುಂದಿದ್ದ ಅಂತಲೇ ಓದಬೇಕು.

ದಾಖಲೆ ಹೇಗೆ ತಯಾರಾಗುತ್ತದೆ ಅಂತ ಮೊದಲು ನೋಡಿ. 5000 ಮೀಟರ್ ದಾಖಲೆಗೆ ಪ್ರಯತ್ನ ಅಂದರೆ ಸಾಮಾನ್ಯವಾಗಿ ಎರಡು ಮೂರು ಜನ ಪೇಸ್‌ಮೇಕರ್‌ಗಳು, ಅಂದರೆ ಮುಂದೆ ಓಡಿ ವೇಗ ಹಿಡಿದುಕೊಡುವವರು, ಇರುತ್ತಾರೆ. 400 ಮೀಟರಿನ ಒಂದೊಂದು ಸುತ್ತಿಗೆ ಎಷ್ಟು ಸೆಕೆಂಡ್ ಅಂತ ಮೊದಲೇ ನಿಗದಿಯಾಗಿರುತ್ತದೆ. ಅವರು 2000 ಇಲ್ಲವೇ 3000 ಮೀಟರ್‌ವರೆಗೆ ಗಾಳಿಯನ್ನು ತಾವು ತಿಂದು ಪಕ್ಕಕ್ಕೆ ಸರಿಯುತ್ತಾರೆ. ಈಗಂತೂ ಟ್ರ್ಯಾಕಿನ ಒಳ ಅಂಚಿನಲ್ಲಿ ವೇವ್‌ಲೈಟ್ ದೀಪಗಳು ದಾಖಲೆಯ ವೇಗದಲ್ಲಿ ಓಡುತ್ತವೆ, ಓಟಗಾರ ಅದಕ್ಕೆ ಕಣ್ಣು ನೆಟ್ಟರೆ ಸಾಕು. ತಂಪು ಸಂಜೆ, ಹಿಂದಿನ ದಿನ ಹೀಟ್ಸ್ (ಅರ್ಹತಾ ಸುತ್ತಿನ ಓಟ) ಇಲ್ಲ, ಯಾರನ್ನು ಕರೆಯಬೇಕು ಅನ್ನುವುದು ಸಂಘಟಕರ ಕೈಯಲ್ಲಿ. 2020ರ ಆಗಸ್ಟ್‌ನಲ್ಲಿ ಮೊನಾಕೊದಲ್ಲಿ ಉಗಾಂಡಾದ ಜೋಶುವಾ ಚೆಪ್ಟೆಗೆಯ್ 5000 ಮೀಟರ್ ಅನ್ನು 12:35.36ರ ವಿಶ್ವದಾಖಲೆಯಲ್ಲಿ ಮುಗಿಸಿದ್ದು ಹೀಗೆ. ಸುತ್ತಿಗೆ ಸರಾಸರಿ 60.4 ಸೆಕೆಂಡ್, ಹನ್ನೆರಡೂವರೆ ಸುತ್ತು. ಇದನ್ನು ಸುಲಭ ಅಂತ ಯಾರೂ ಹೇಳಲಾರರು. ಪೇಸ್‌ಮೇಕರ್ ಹೋದ ಮೇಲೆ ಒಬ್ಬನೇ ಅದೇ ವೇಗವನ್ನು ಹಿಡಿದಿಡುವುದು ಅಪರೂಪದ ಶಕ್ತಿ. ಆದರೆ ಯಾವಾಗ ನುಗ್ಗಬೇಕು, ಯಾರ ಮೇಲೆ ಕಣ್ಣಿಡಬೇಕು, ಗುಂಪಿನಲ್ಲಿ ಎಲ್ಲಿ ನಿಲ್ಲಬೇಕು ಅನ್ನುವ ಪ್ರಶ್ನೆಗಳನ್ನೆಲ್ಲ ಯಾರೋ ಮೊದಲೇ ಬಗೆಹರಿಸಿಟ್ಟಿರುತ್ತಾರೆ.

ಚಾಂಪಿಯನ್‌ಷಿಪ್‌ನಲ್ಲಿ ಆ ಪ್ರಶ್ನೆಗಳೇ ಓಟ. ಜಾಗದ ವಿಷಯವನ್ನೇ ತೆಗೆದುಕೊಳ್ಳಿ. ಎರಡನೇ ಲೇನ್‌ನಲ್ಲಿ ಇಡೀ ಸುತ್ತು ಓಡಿದರೆ ಸುಮಾರು ಏಳು ಮೀಟರ್ ಹೆಚ್ಚಾಗುತ್ತದೆ. 5000 ಮೀಟರ್ ಪೂರ್ತಿ ಹಾಗೇ ಹೊರಗಡೆ ಉಳಿದವನು ಎಂಬತ್ತು ಮೀಟರಿಗೂ ಹೆಚ್ಚು ಓಡಿರುತ್ತಾನೆ. ಅದಕ್ಕೆ ಹೆದರಿ ಒಳಗೇ ಇದ್ದರೆ ಇನ್ನೊಂದು ಅಪಾಯ: ಕೊನೆಯ 600 ಮೀಟರ್‌ನಲ್ಲಿ ಮುಂದಿನವರು ನುಗ್ಗುವಾಗ ಎದುರಿಗೊಬ್ಬ, ಪಕ್ಕಕ್ಕೊಬ್ಬ ನಿಂತು ದಾರಿ ಮುಚ್ಚಿಹೋಗುತ್ತದೆ. ಹೊರಗೆ ಬರಲು ಒಂದು ಕ್ಷಣ ಕಾಯಬೇಕು, ಅಷ್ಟರಲ್ಲಿ ಐದು ಮೀಟರ್ ಹೋಗಿರುತ್ತದೆ. 53 ಸೆಕೆಂಡಿನ ಕೊನೆಯ ಸುತ್ತಿನಲ್ಲಿ ಆ ಐದು ಮೀಟರ್ ವಾಪಸ್ ಬರುವುದಿಲ್ಲ.

ವೇಗದ್ದೂ ಹಾಗೇ. ಸುತ್ತಿಗೆ 65–66 ಸೆಕೆಂಡಿನಲ್ಲಿ ಓಟ ಸಾಗಿದರೆ ಕೊನೆಯ ಸುತ್ತಿನ ಗಂಟೆ ಬಾರಿಸುವ ಹೊತ್ತಿಗೂ ಹತ್ತು ಹನ್ನೆರಡು ಜನ ಒಟ್ಟಿಗೇ ಇರುತ್ತಾರೆ. ಆಗ 12:37ರ ಸಮಯ ಹೆಸರಿನಲ್ಲಿದ್ದರೂ ಕೊನೆಯ ಸುತ್ತು 55 ಸೆಕೆಂಡಿನವನಾದರೆ ಪದಕ ಕೈತಪ್ಪಿದ ಹಾಗೆಯೇ. ಅಂಥವನು ಮಾಡಬೇಕಾದದ್ದು ಒಂದೇ: ಐದಾರು ಸುತ್ತು ಬಾಕಿ ಇರುವಾಗಲೇ 63, 62, 61, 60 ಅಂತ ಹಂತಹಂತವಾಗಿ ಬಿಗಿ ಮಾಡುತ್ತ ಹೋಗಬೇಕು. ಒಂದು ಸುತ್ತು 60ಕ್ಕೆ ಹಾರಿ ಮುಂದಿನ ಸುತ್ತು 65ಕ್ಕೆ ಇಳಿದರೆ ಗುಂಪು ಉಸಿರು ತೆಗೆದುಕೊಂಡು ಮತ್ತೆ ಬೆನ್ನಿಗೆ ಬರುತ್ತದೆ. ಇನ್ನು, ಒಬ್ಬನೇ ಓಡಿಹೋದರೂ ಪ್ರಯೋಜನ ಕಡಿಮೆ. 2021ರ ಟೋಕಿಯೊ ಒಲಿಂಪಿಕ್ಸ್ 10,000 ಮೀಟರ್‌ನಲ್ಲಿ ಉಗಾಂಡಾದ ಸ್ಟೀಫನ್ ಕಿಸ್ಸಾ ಮೊದಲೇ ಮುಂದೆ ಹೋದ, ಹಿಂದಿನವರು ಅವನನ್ನು ಬಿಟ್ಟೇಬಿಟ್ಟರು. ಓಟ ನಿಧಾನವಾಯಿತು. ಇಥಿಯೋಪಿಯಾದ ಸೆಲೆಮೊನ್ ಬರೇಗಾ 27:43.22ರಲ್ಲಿ ಚಿನ್ನ ಗೆದ್ದ. 26:11.00ರ ವಿಶ್ವದಾಖಲೆ ಕೈಯಲ್ಲಿದ್ದ ಚೆಪ್ಟೆಗೆಯ್‌ಗೆ ಬೆಳ್ಳಿ.

ಇಲ್ಲಿ ಚೆಪ್ಟೆಗೆಯ್‌ನನ್ನು ಕೈಬಿಡುವವರ ಜೊತೆ ನಾನಿಲ್ಲ. ಮುಂದಿನ ವರ್ಷಗಳನ್ನು ನೋಡಿ. 2023ರ ಬುಡಾಪೆಸ್ಟ್ ವಿಶ್ವ ಚಾಂಪಿಯನ್‌ಷಿಪ್ 10,000 ಮೀಟರ್‌ನಲ್ಲಿ ಅದಕ್ಕಿಂತಲೂ ನಿಧಾನದ ಓಟ ಬಂತು, 27:51.42. ಅದನ್ನೂ ಗೆದ್ದ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಇಥಿಯೋಪಿಯಾದವರು ಮೊದಲಿನಿಂದಲೇ ಬಿರುಸಾಗಿ ಎಳೆದರು. ಹದಿಮೂರು ಜನ ಹಳೆಯ ಒಲಿಂಪಿಕ್ ದಾಖಲೆಗಿಂತ ಬೇಗ ಮುಗಿಸಿದ ಆ ಓಟವನ್ನೂ 26:43.14ರಲ್ಲಿ ಗೆದ್ದವನು ಅವನೇ. ನನ್ನ ಕಣ್ಣಿಗೆ ಅವನನ್ನು ದೊಡ್ಡವನಾಗಿಸಿದ್ದು ಈ ಎರಡು ಗೆಲುವು, ವೇಲೆನ್ಸಿಯಾದಲ್ಲಿ ಮಾಡಿದ ಆ 26:11ರ ವಿಶ್ವದಾಖಲೆ ಅಲ್ಲ.

ಇದೇ ಅಳತೆಯನ್ನು ಫರಾನ ಮೇಲಿಡಿ. "ಅವನ ಗೆಲುವೆಲ್ಲ ನಿಧಾನದ ಓಟದಲ್ಲಿ ಬಂದದ್ದು" ಅನ್ನುವುದು ಹಳೆಯ ದೂರು. 2012ರ ಲಂಡನ್ 10,000 ಮೀಟರ್ 27:30.42, 5000 ಮೀಟರ್ 13:41.66, ನಿಜ. ಆದರೆ ಆ ವೇಗಕ್ಕೆ ಒಪ್ಪಿಕೊಂಡದ್ದು ಎದುರಾಳಿಗಳ ತಪ್ಪು. ಕೊನೆಯ ಸುತ್ತನ್ನು 53 ಸೆಕೆಂಡಿನ ಆಸುಪಾಸಿನಲ್ಲಿ ಓಡುವವನನ್ನು ಗಂಟೆಯವರೆಗೂ ಜೊತೆಯಲ್ಲಿ ಕರೆದುಕೊಂಡು ಹೋದವರು ಯಾರು? ಎದುರಾಳಿಗಳು ತಪ್ಪು ತಿದ್ದಿಕೊಂಡ ಓಟವೂ ಬಂತು. 2017ರ ಲಂಡನ್ ವಿಶ್ವ ಚಾಂಪಿಯನ್‌ಷಿಪ್ 10,000 ಮೀಟರ್‌ನಲ್ಲಿ ಅವರು ಶುರುವಿನಿಂದಲೇ ಹಿಂಡಿದರು. ಫರಾ 26:49.51ರಲ್ಲಿ ಗೆದ್ದ. ಅವನ ಜೀವನದ ಶ್ರೇಷ್ಠ ಸಮಯವೇ 26:46.57. ಪೇಸ್‌ಮೇಕರ್ ಇಲ್ಲದೆ, ಎಲ್ಲರೂ ಸೇರಿ ಅವನನ್ನು ಮುರಿಯಲು ನೋಡುತ್ತಿದ್ದಾಗ, ಅದರಿಂದ ಮೂರೇ ಸೆಕೆಂಡ್ ಹಿಂದೆ. ಅದಕ್ಕೂ ಮೊದಲು 2016ರ ರಿಯೊ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಟದ ನಡುವೆ ಬಿದ್ದು, ಎದ್ದು, 27:05.17ರಲ್ಲಿ ಚಿನ್ನ ಗೆದ್ದಿದ್ದ. 5000 ಮತ್ತು 10,000ದ ವಿಶ್ವದಾಖಲೆ ಅವನ ಹೆಸರಿಗೆ ಎಂದೂ ಬರಲಿಲ್ಲ. ಆದರೂ ಅವನನ್ನು ಸಾರ್ವಕಾಲಿಕ ಶ್ರೇಷ್ಠರ ಸಾಲಿನಲ್ಲಿ ಇಡಲು ನನಗೆ ಹಿಂಜರಿಕೆಯಿಲ್ಲ.

ಹಾಗಿದ್ದರೂ ಬೆಕೆಲೆ ಮೇಲೆಯೇ. ಕಾರಣ ಬರೀ ದಾಖಲೆಗಳಲ್ಲ. 2003ರ ಪ್ಯಾರಿಸ್ ವಿಶ್ವ ಚಾಂಪಿಯನ್‌ಷಿಪ್ 10,000 ಮೀಟರ್ ತೆಗೆದು ನೋಡಿ. 26:49.57, ಎರಡನೇ ಅರ್ಧ 13 ನಿಮಿಷದ ಒಳಗೆ, ಅದೂ ಎರಡು ಸಲದ ಒಲಿಂಪಿಕ್ ಚಾಂಪಿಯನ್ ಹೈಲೆ ಗೆಬ್ರಸೆಲಾಸಿಯ ಎದುರು. ವಿಶ್ವ ಕ್ರಾಸ್ ಕಂಟ್ರಿಯಲ್ಲಿ 2002ರಿಂದ 2006ರವರೆಗೆ ಐದು ವರ್ಷ ಸತತವಾಗಿ ಉದ್ದದ ಓಟ, ಚಿಕ್ಕ ಓಟ ಎರಡನ್ನೂ ಗೆದ್ದ. ಅಲ್ಲಿ ಕೆಸರಿದೆ, ಏರುತಗ್ಗಿದೆ, ಗಡಿಯಾರಕ್ಕೆ ಅರ್ಥವೇ ಇಲ್ಲ. ಕ್ರಾಸ್ ಕಂಟ್ರಿಯನ್ನು ಈ ಚರ್ಚೆಯಿಂದ ಬಿಟ್ಟುಬಿಡುವುದು ದೊಡ್ಡ ಅನ್ಯಾಯ, ಹಿಂದೆ 1500 ಮೀಟರ್‌ನವರಿಂದ ಮ್ಯಾರಥಾನಿನವರವರೆಗೆ ಎಲ್ಲರೂ ಒಂದೇ ಗೆರೆಯಲ್ಲಿ ನಿಲ್ಲುತ್ತಿದ್ದ ಜಾಗ ಅದು. ಇಷ್ಟರ ಮೇಲೆ ಅವನ ವಿಶ್ವದಾಖಲೆಗಳಲ್ಲಿ 5000ದ 12:37.35 ಹದಿನಾರು ವರ್ಷ, 10,000ದ 26:17.53 ಹದಿನೈದು ವರ್ಷ ಉಳಿದವು. ಅವನೂ ಸೋತಿದ್ದಾನೆ. ಅದೇ 2003ರ ಪ್ಯಾರಿಸ್‌ನ 5000 ಮೀಟರ್‌ನಲ್ಲಿ ಕೆನ್ಯಾದ ಕಿಪ್ಚೋಗೆ, ಮೊರಾಕ್ಕೊದ ಎಲ್ ಗೆರೂಜ್ ಇಬ್ಬರ ಹಿಂದೆ ಮೂರನೆಯವನಾದ. 2004ರ ಅಥೆನ್ಸ್ ಒಲಿಂಪಿಕ್ಸ್ 5000ದಲ್ಲಿ ಎಲ್ ಗೆರೂಜ್‌ಗೆ ಸೋತು ಬೆಳ್ಳಿ ಪಡೆದ. ಎರಡೂ ಸಲ ಕೊನೆಯ ಸುತ್ತಿನವರೆಗೆ ಹೋರಾಡಿ ಸೋತದ್ದು.

ನನ್ನ ವಾದಕ್ಕೆ ನಿಜವಾಗಿ ಕಷ್ಟ ಕೊಡುವವನು ಆಸ್ಟ್ರೇಲಿಯಾದ ರಾನ್ ಕ್ಲಾರ್ಕ್. 1965ರ ಜುಲೈಯಲ್ಲಿ ಆಸ್ಲೊದಲ್ಲಿ 10,000 ಮೀಟರ್ ಅನ್ನು 27:39.4ಕ್ಕೆ ಓಡಿದ. ಅಧಿಕೃತ ದಾಖಲೆ, ಅದೂ ಅವನದ್ದೇ, 28:15.6 ಇತ್ತು. ಒಂದೇ ಏಟಿಗೆ 36 ಸೆಕೆಂಡ್! ಅವನ ದಾಖಲೆಗಳನ್ನು ಇವತ್ತಿನ ದಾಖಲೆಗಳ ಪಕ್ಕದಲ್ಲಿಟ್ಟು ತೂಗಬಾರದು, ಬಹುಪಾಲು ತಾನೇ ಮುಂದೆ ನಿಂತು, ಗಾಳಿ ತಾನೇ ತಿಂದು ಮಾಡಿದಂಥವು. ಆದರೆ ಒಲಿಂಪಿಕ್ಸ್‌ನಲ್ಲಿ ಸಿಕ್ಕಿದ್ದು ಒಂದೇ ಕಂಚು, 1964ರ ಟೋಕಿಯೊದ 10,000 ಮೀಟರ್‌ನಲ್ಲಿ. ಅಲ್ಲಿ ಒಂದು ಸುತ್ತು ಬಿಟ್ಟು ಒಂದು ಸುತ್ತು ವೇಗ ಹೆಚ್ಚಿಸಿ ಎಲ್ಲರನ್ನೂ ಸುಸ್ತು ಮಾಡಲು ನೋಡಿದ. ಹೆಚ್ಚಿನವರು ಕಳಚಿಬಿದ್ದರೂ ಅಮೆರಿಕದ ಬಿಲ್ಲಿ ಮಿಲ್ಸ್ ಮತ್ತು ಟ್ಯುನೀಷಿಯಾದ ಗಮ್ಮೂದಿ ಬಿಡಲಿಲ್ಲ, ಕೊನೆಯಲ್ಲಿ ಇಬ್ಬರೂ ಅವನನ್ನು ದಾಟಿದರು. ಮಿಲ್ಸ್ 28:24.4ರಲ್ಲಿ ಗೆದ್ದ, ಕ್ಲಾರ್ಕ್‌ನ ಆಗಿನ ದಾಖಲೆಗಿಂತ ಒಂಬತ್ತು ಸೆಕೆಂಡ್ ನಿಧಾನ. ಆ ಸೋಲು ಸೋಲೇ. 1968ರ ಮೆಕ್ಸಿಕೊ ಸಿಟಿಯನ್ನು ಮಾತ್ರ ನಾನು ಅವನ ಲೆಕ್ಕಕ್ಕೆ ಹಿಡಿಯುವುದಿಲ್ಲ. 2,240 ಮೀಟರ್ ಎತ್ತರದಲ್ಲಿ ಆಮ್ಲಜನಕ ಸಾಲದೆ ಆರನೆಯವನಾಗಿ ಗೆರೆ ದಾಟಿ ಕುಸಿದುಬಿದ್ದ. ಸಮುದ್ರಮಟ್ಟದಲ್ಲಿ ಬೆಳೆದವರಿಗೆ ಅಲ್ಲಿ ದೂರದ ಓಟ ಸಮಾನ ಸ್ಪರ್ಧೆಯೇ ಆಗಿರಲಿಲ್ಲ.

ಎದುರಿಗೆ ಫಿನ್‌ಲೆಂಡಿನ ಲಾಸ್ಸೆ ವಿರೆನ್. 1972 ಮತ್ತು 1976, ಎರಡೂ ಒಲಿಂಪಿಕ್ಸ್‌ನಲ್ಲಿ 5000, 10,000 ಎರಡನ್ನೂ ಗೆದ್ದವನು. ನಡುವಿನ ವರ್ಷಗಳಲ್ಲಿ ಹೇಳಿಕೊಳ್ಳುವಂಥದ್ದು ಕಡಿಮೆ, 1974ರ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ಒಂದು ಕಂಚು. ಆದರೆ 1972ರ ಮ್ಯೂನಿಕ್ 10,000 ಮೀಟರ್‌ನಲ್ಲಿ ಓಟದ ಮಧ್ಯೆ ಬಿದ್ದು, ಎದ್ದು ಗುಂಪು ಸೇರಿ, 27:38.4ರಲ್ಲಿ ಗೆದ್ದನಲ್ಲ, ಅದು ಏಳು ವರ್ಷ ಉಳಿದಿದ್ದ ಕ್ಲಾರ್ಕ್‌ನ ದಾಖಲೆಗಿಂತ ಒಂದು ಸೆಕೆಂಡ್ ಬೇಗ. ಒಲಿಂಪಿಕ್ ಫೈನಲ್, ಬಿದ್ದದ್ದು, ವಿಶ್ವದಾಖಲೆ, ಮೂರೂ ಒಂದೇ ಓಟದಲ್ಲಿ. ಕ್ಲಾರ್ಕ್‌ನ ಮೇಲೆ ಎಷ್ಟೇ ಪ್ರೀತಿಯಿದ್ದರೂ ವಿರೆನ್‌ನನ್ನು ಮೇಲಿಡುತ್ತೇನೆ. ಚೆಕೊಸ್ಲೊವಾಕಿಯಾದ ಹಳೆಯ ದಿಗ್ಗಜ ಎಮಿಲ್ ಜಾಟೊಪೆಕ್ 1966ರಲ್ಲಿ ತನ್ನ 1952ರ ಚಿನ್ನದ ಪದಕವೊಂದನ್ನು ಕ್ಲಾರ್ಕ್‌ಗೆ ಕೊಟ್ಟುಬಿಟ್ಟ ಅನ್ನುವುದನ್ನು ನನ್ನ ವಿರುದ್ಧದ ಸಾಕ್ಷಿಯಾಗಿ ಯಾರಾದರೂ ತಂದರೆ, ಅದಕ್ಕೆ ತೂಕವಿದೆ ಅಂತ ಒಪ್ಪುತ್ತೇನೆ.

ಪದಕ ಎಣಿಸುವವರು ಮರೆಯುವ ಇನ್ನೊಂದು ಸಂಗತಿ ಅವಕಾಶದ್ದು. ವಿಶ್ವ ಚಾಂಪಿಯನ್‌ಷಿಪ್ ಶುರುವಾದದ್ದೇ 1983ರಲ್ಲಿ. ಅದಕ್ಕೂ ಮುಂಚೆ ಜಗತ್ತಿನವರೆಲ್ಲ ಒಂದೇ ಟ್ರ್ಯಾಕಿನಲ್ಲಿ ಸೇರುವುದು ನಾಲ್ಕು ವರ್ಷಕ್ಕೊಮ್ಮೆ. ಕೆನ್ಯಾದ ಹೆನ್ರಿ ರೊನೊ 1978ರಲ್ಲಿ 81 ದಿನಗಳೊಳಗೆ 3000, 5000, 10,000 ಮೀಟರ್ ಮತ್ತು 3000 ಮೀಟರ್ ಸ್ಟೀಪಲ್‌ಚೇಸ್ (ಅಡೆತಡೆ, ನೀರಿನ ಗುಂಡಿ ದಾಟುವ ಓಟ) ನಾಲ್ಕರಲ್ಲೂ ವಿಶ್ವದಾಖಲೆ ಮಾಡಿದ. 1976, 1980 ಎರಡೂ ಒಲಿಂಪಿಕ್ಸ್‌ಗಳನ್ನು ಕೆನ್ಯಾ ಬಹಿಷ್ಕರಿಸಿತ್ತು. ಅವನ ಒಲಿಂಪಿಕ್ ಪದಕ ಸೊನ್ನೆ. ಇದನ್ನು ಅವನ ಕೊರತೆ ಅನ್ನುವವರ ಜೊತೆ ವಾದ ಮಾಡಿ ಪ್ರಯೋಜನವಿಲ್ಲ. ಒಲಿಂಪಿಕ್ಸ್‌ಗೆ ದೇಶಕ್ಕೆ ಮೂವರೇ ಅನ್ನುವ ನಿಯಮವೂ ಹೀಗೆಯೇ ಕೆಲಸ ಮಾಡುತ್ತದೆ. ಡೇನಿಯಲ್ ಕೊಮೆನ್ 1996ರ ಅಟ್ಲಾಂಟಾಕ್ಕೆ ಕೆನ್ಯಾ ತಂಡದಲ್ಲಿ ಇರಲಿಲ್ಲ. ಅದೇ ಸೆಪ್ಟೆಂಬರ್‌ನಲ್ಲಿ ರಿಯೆತಿಯಲ್ಲಿ 3000 ಮೀಟರ್ ಅನ್ನು 7:20.67ಕ್ಕೆ ಓಡಿದ. 2024ರಲ್ಲಿ ನಾರ್ವೆಯ ಯಾಕೊಬ್ ಇಂಗೆಬ್ರಿಗ್ಟ್‌ಸೆನ್ 7:17.55 ಓಡುವವರೆಗೆ, ಹೊಸ ಸ್ಪೈಕ್ಸ್ (ಮೊಳೆಯ ಓಟದ ಶೂ) ಮತ್ತು ದೀಪಗಳು ಬಂದ ಮೇಲೂ, ಆ ದಾಖಲೆ ಅಲುಗಲಿಲ್ಲ. ಸಮಯವನ್ನು ಓದುವ ಸರಿಯಾದ ರೀತಿ ಇದು. 2020ರ ನಂತರದ 12:40 ಮತ್ತು 1997ರ 12:40 ಒಂದೇ ಅಲ್ಲ. ಶೂ ಬದಲಾಗಿದೆ, ದೀಪ ಬಂದಿದೆ. ಹಾಗಾಗಿ ಅಂಕಿಗಳನ್ನು ನೇರವಾಗಿ ಹೋಲಿಸದೆ, ಆ ವರ್ಷದ ಎರಡನೆಯವನಿಂದ ಎಷ್ಟು ದೂರ ಇದ್ದ, ಎಷ್ಟು ವರ್ಷ ಉಳಿಯಿತು ಅಂತ ನೋಡಿ.

ಮ್ಯಾರಥಾನ್‌ನಲ್ಲಿ ಈ ಅಂತರ ಇನ್ನೂ ಎದ್ದು ಕಾಣುತ್ತದೆ. ಬ್ರಿಟನ್‌ನ ಪೌಲಾ ರಾಡ್‌ಕ್ಲಿಫ್ 2003ರಲ್ಲಿ ಲಂಡನ್‌ನಲ್ಲಿ 2:15:25 ಓಡಿದಾಗ ಜಗತ್ತಿನಲ್ಲಿ ಆಕೆಯ ಹತ್ತಿರ ಯಾರೂ ಇರಲಿಲ್ಲ. ಮರುವರ್ಷ ಅಥೆನ್ಸ್ ಒಲಿಂಪಿಕ್ಸ್‌ನ ಬಿಸಿಲು, ಉದ್ದದ ಏರು. 36 ಕಿಲೋಮೀಟರ್ ಹೊತ್ತಿಗೆ ನಿಂತುಬಿಟ್ಟಳು. ಜಪಾನಿನ ಮಿಜುಕಿ ನೊಗುಚಿ 2:26:20ರಲ್ಲಿ ಚಿನ್ನ ಗೆದ್ದಳು. 2005ರ ಹೆಲ್ಸಿಂಕಿಯಲ್ಲಿ ರಾಡ್‌ಕ್ಲಿಫ್ ವಿಶ್ವ ಚಾಂಪಿಯನ್ ಆದದ್ದು ನನಗೆ ಆ ದಾಖಲೆಯಷ್ಟೇ ಮುಖ್ಯ. 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಇಥಿಯೋಪಿಯಾದ ಟಿಗಿಸ್ಟ್ ಅಸೆಫಾ 2:11:53ರ ವಿಶ್ವದಾಖಲೆ ಹೊತ್ತು ಬಂದಿದ್ದಳು. ನೆದರ್ಲೆಂಡ್ಸ್‌ನ ಸಿಫಾನ್ ಹಸನ್‌ಳ ಶ್ರೇಷ್ಠ ಸಮಯ 2:13:44. ಹಸನ್ ಅದೇ ಒಲಿಂಪಿಕ್ಸ್‌ನಲ್ಲಿ 5000ದ ಹೀಟ್ಸ್, ಫೈನಲ್, 10,000 ಎಲ್ಲ ಓಡಿ ಎರಡು ಕಂಚು ಪಡೆದು, ಕೊನೆಯ ಟ್ರ್ಯಾಕ್ ಓಟದ ಎರಡನೇ ದಿನಕ್ಕೆ ಮ್ಯಾರಥಾನ್ ಗೆರೆಗೆ ಬಂದವಳು. ಕೊನೆಯ ತಿರುವಿನಲ್ಲಿ ಒಳಗಡೆಯಿಂದ ನುಗ್ಗಿ ಮೂರು ಸೆಕೆಂಡಿನಲ್ಲಿ ಗೆದ್ದಳು, 2:22:55. ಎಲ್ಲ ಸೇರಿ 62 ಕಿಲೋಮೀಟರ್, 1952ರ ಹೆಲ್ಸಿಂಕಿಯಲ್ಲಿ ಜಾಟೊಪೆಕ್ ಓಡಿದಷ್ಟೇ.

ಆದರೆ ಒಂದು ಚಿನ್ನ ಕಂಡ ಕೂಡಲೇ ಶ್ರೇಷ್ಠ ಅನ್ನುವ ಅವಸರವೂ ಬೇಡ. 2025ರ ಟೋಕಿಯೊ ವಿಶ್ವ ಚಾಂಪಿಯನ್‌ಷಿಪ್ 10,000 ಮೀಟರ್ ಅನ್ನು ಫ್ರಾನ್ಸಿನ ಜಿಮ್ಮಿ ಗ್ರೆಸ್ಸಿಯೆ 28:55.77ರಲ್ಲಿ ಗೆದ್ದ, ಎರಡನೆಯವನಿಗಿಂತ 0.06 ಸೆಕೆಂಡ್ ಮುಂದೆ. ಸುತ್ತಿಗೆ 69 ಸೆಕೆಂಡ್ ದಾಟಿದ ಸರಾಸರಿ. ಅದ್ಭುತ ಓಟ, ಪೂರ್ತಿ ಅವನ ಬುದ್ಧಿವಂತಿಕೆಯ ಗೆಲುವು. ಬಿರುಸಿನ ಫೈನಲ್ ಬಂದಾಗ ಏನು ಮಾಡುತ್ತಾನೆ ಅಂತ ನೋಡಿದ ಮೇಲೆ ಅವನ ಜಾಗದ ಮಾತು.

ಈಗ ಓಡುತ್ತಿರುವವರಲ್ಲಿ ಈ ಅಳತೆಗೆ ಪೂರ್ತಿ ಹೊಂದುವವಳು ಕೆನ್ಯಾದ ಬಿಯಾಟ್ರಿಸ್ ಚೆಬೆಟ್. 2025ರ ಜುಲೈಯಲ್ಲಿ 13:58.06 ಓಡಿ 5000ವನ್ನು 14 ನಿಮಿಷದೊಳಗೆ ಮುಗಿಸಿದ ಮೊದಲ ಮಹಿಳೆಯಾದಳು. 10,000ದ ವಿಶ್ವದಾಖಲೆ 28:54.14 ಕೂಡ ಆಕೆಯದೇ. ಅದೇ ವರ್ಷ ಟೋಕಿಯೊದಲ್ಲಿ 5000 ಫೈನಲ್ ತೆವಳಿತು. ಎದುರಿಗೆ ಫೇಯ್ತ್ ಕಿಪ್ಯೆಗೊನ್, 1500 ಮೀಟರ್‌ನ ವಿಶ್ವದಾಖಲೆಯವಳು, ಕೊನೆಯ ಸುತ್ತಿಗೆ ಅದಕ್ಕಿಂತ ಕಷ್ಟದ ಎದುರಾಳಿ ಸಿಗಲಾರಳು. ಚೆಬೆಟ್ 14:54.36ರಲ್ಲಿ ಗೆದ್ದಳು, ತನ್ನದೇ ದಾಖಲೆಗಿಂತ 56 ಸೆಕೆಂಡ್ ನಿಧಾನವಾಗಿ. 10,000ವನ್ನೂ ಗೆದ್ದಾಗಿತ್ತು, ಪ್ಯಾರಿಸ್ ಒಲಿಂಪಿಕ್ಸ್‌ನ ಎರಡು ಚಿನ್ನ ಮೊದಲೇ ಇದ್ದವು. ಇಥಿಯೋಪಿಯಾದ ದಿಗ್ಗಜೆ ತಿರುನೇಶ್ ದಿಬಾಬಾಳ ಪಕ್ಕದಲ್ಲಿ ಆಕೆಯನ್ನು ಕೂರಿಸಲು ಇನ್ನೂ ಕಾಲ ಬಂದಿಲ್ಲ ಅನ್ನುವವರು ಕಾರಣ ಬರೆಯಿರಿ, ಓದುತ್ತೇನೆ. ನಾನಂತೂ ಈಗಲೇ ಕೂರಿಸಿದ್ದೇನೆ.